ಎದೆಯ ಮೇಲಿನ ಗೆರೆ

ಮೊಕ್ಪೊ ಬಂದರಿನ ಹಿಂದಿನ ಓಣಿಯಲ್ಲಿರುವ ಡೊಂಗ್‌ಬೆಕ್ ಸಾರ್ವಜನಿಕ ಬಚ್ಚಲಿಗೆ ಹೊಸದಾಗಿ ಬರುವ ಹೆಂಗಸರಿಗೆ ಕೌಂಟರಿನಲ್ಲಿ ಕೂತ ಓಕ್‌ಬುನ್ ಮೊದಲೇ ಒಂದು ಮಾತು ಹೇಳಿಬಿಡುತ್ತಾಳೆ. "ಒಳಗೆ ಮೈ ಉಜ್ಜೋ ಹೆಂಗಸು ಏನಾದ್ರೂ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ. ಕೈ ಚಿನ್ನ, ಬಾಯಿ ಮಾತ್ರ ಸ್ವಲ್ಪ ಹಾಗೆ."

ಹಾಗೆ ಎಂದರೆ ಹೇಗೆ ಎಂಬುದು ಎದೆಯ ಮೇಲೆ ಗಾಯದ ಗೆರೆ ಇರುವವರಿಗೆ ಮಾತ್ರ ಗೊತ್ತಾಗುತ್ತದೆ. ಅಂಥ ಹುಡುಗಿ ಯಾರಾದರೂ ಕುತ್ತಿಗೆಯಿಂದ ಟವೆಲು ಇಳಿಬಿಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ ನೀರು ಹುಯ್ದುಕೊಳ್ಳುತ್ತಿದ್ದರೆ ಮೈ ಉಜ್ಜುವ ಮಾಲ್‌ಸುನ್ ಕೈಯಲ್ಲಿದ್ದ ಕೆಲಸ ಬಿಟ್ಟು ನೇರ ಹತ್ತಿರ ಹೋಗುತ್ತಾಳೆ.

"ಹಾರ್ಟ್ ಆಪರೇಷನ್ನಾ? ಚಿಕ್ಕೋಳಿದ್ದಾಗ ಆಗಿದ್ದಾ? ಡಾಕ್ಟರ ಹತ್ರ ಈಗ್ಲೂ ಹೋಗ್ತಿದ್ದೀಯಾ? ಕೊನೇ ಸಲ ಯಾವಾಗ ಹೋಗಿದ್ದೆ?"

ಇಡೀ ಬಚ್ಚಲಿಗೆ ಕೇಳುವ ಗಂಟಲು ಅದು. ಕೆಲವು ಹುಡುಗಿಯರು ಅತ್ತಿದ್ದಾರೆ. ಒಬ್ಬಳು ಮುಖಕ್ಕೆ ನೀರು ಎರಚಿ ಎದ್ದು ಹೋಗಿದ್ದಾಳೆ. ಯಜಮಾನಿ ಎಷ್ಟೋ ಸಲ ಗದರಿಕೊಂಡಿದ್ದಾಳೆ. ಮಾಲ್‌ಸುನ್ ಹೂಂ ಎಂದು ತಲೆಯಾಡಿಸಿ ಮರುವಾರ ಮತ್ತೆ ಕೇಳುತ್ತಾಳೆ. ಕೆಲಸ ಬಿಡಿಸೋಣವೆಂದರೆ ಅವಳಂಥ ಕೈ ಬಂದರಿನಲ್ಲಿ ಇನ್ನೊಂದಿಲ್ಲ. ಮೇಲಾಗಿ ಅವಳು ಯಾಕೆ ಹಾಗೆ ಕೇಳುತ್ತಾಳೆಂದು ಯಜಮಾನಿಗೆ ಗೊತ್ತು. ಓಕ್‌ಬುನ್‌ಗೆ ಗೊತ್ತು. ಓಣಿಗೆಲ್ಲ ಗೊತ್ತು.

ಈ ಗೊತ್ತಿರುವುದೇ ನಮ್ಮ ಊರಿನ ದೊಡ್ಡ ಕಾಯಿಲೆ. ಇಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ಯಾರೂ ಯಾರ ಎದುರೂ ಬಾಯಿ ಬಿಡುವುದಿಲ್ಲ. ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೇವೆ.

ಮಾಲ್‌ಸುನ್ ಎಂಬುದು ಹೆಣ್ಣು ಇನ್ನು ಸಾಕು ಎಂದು ಅವಳಪ್ಪ ಇಟ್ಟ ಹೆಸರು. ಅವಳ ಬೆನ್ನಿಗೆ ಮತ್ತೂ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು ಎನ್ನುವುದು ಬೇರೆ ಮಾತು. ಮೀನು ದೋಣಿಯವನನ್ನು ಮದುವೆಯಾಗಿ ಗುಡ್ಡದ ಆಚೆ ಬದಿಯ ಕಡಿದಾದ ಓಣಿಯಲ್ಲಿ ಸಂಸಾರ ಹೂಡಿದಳು. ಮೊದಲ ಮಗು ಹೆಣ್ಣು. ಗಂಡ ಅದಕ್ಕೆ ಸೊರಾ ಎಂದು ಶಂಖದ ಹೆಸರಿಟ್ಟ.

ಮಗು ಹುಟ್ಟುವಾಗಲೇ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ಚಳಿಗೆ ಎಂದರು ನೆರೆಯವರು. ಬೇಸಿಗೆ ಬಂದರೂ ಬಣ್ಣ ಹೋಗಲಿಲ್ಲ. ನಡೆಯಲು ಕಲಿತ ಮೇಲೆ ಇನ್ನೊಂದು ಶುರುವಾಯಿತು. ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಎಲ್ಲಿದ್ದರೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಿಡುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಹಾಗೆ ಕೂತರೆ ಉಸಿರು ಹಿಂದಿರುಗುತ್ತದೆಂದು ಆ ಪುಟ್ಟ ಮೈಗೇ ಗೊತ್ತಿತ್ತು. ಓಣಿಯ ಮಕ್ಕಳು ಕಪ್ಪೆ ಎಂದು ರೇಗಿಸುತ್ತಿದ್ದವು. ಸೊರಾ ಕೂತಲ್ಲಿಂದಲೇ ವಟರ್ ಎಂದು ಕೂಗಿ ಅವುಗಳನ್ನು ನಗಿಸುತ್ತಿದ್ದಳು.

ಆಗ ಮಾಲ್‌ಸುನ್ ಮಂಜುಗಡ್ಡೆ ಕಾರ್ಖಾನೆಯ ಪಕ್ಕದ ಷೆಡ್ಡಿನಲ್ಲಿ ಮೀನು ಸೀಳುವ ಕೆಲಸಕ್ಕೆ ಹೋಗುತ್ತಿದ್ದಳು. ಮಗುವನ್ನು ನೋಡಿಕೊಳ್ಳುತ್ತಿದ್ದವಳು ಅತ್ತೆ. ಮುದುಕಿಯ ಕಣ್ಣು ತಪ್ಪಿಸಿ ಸೊರಾ ಮಾರುಕಟ್ಟೆಯವರೆಗೆ ಇಳಿದುಬಿಡುತ್ತಿದ್ದಳು, ಹತ್ತಲಾರದೆ ಅಲ್ಲೇ ಕೂತುಬಿಡುತ್ತಿದ್ದಳು. ಅಂಗಡಿಯ ಯಾರೋ ಒಬ್ಬರು ಬೆನ್ನಿಗೆ ಹಾಕಿಕೊಂಡು ತಂದು ಅಜ್ಜಿಯ ಕೈಗೆ ಒಪ್ಪಿಸಿ ಹೋಗುತ್ತಿದ್ದರು. ಸಂಜೆ ಬಂದ ಮೇಲೆ ಅತ್ತೆ ಹೇಳಿದರೆ ಮಾಲ್‌ಸುನ್‌ಗೆ ಗೊತ್ತಾಗುತ್ತಿತ್ತು. ಹಾಗೆ ಹೊತ್ತು ತಂದವರಲ್ಲಿ ಒಬ್ಬರ ಮುಖವನ್ನೂ ಅವಳು ನೋಡಿದವಳಲ್ಲ.

ಸೋಲ್ ನಗರದ ದೊಡ್ಡ ಆಸ್ಪತ್ರೆಯಲ್ಲಿ ಸೊರಾಳ ಎದೆ ತೆರೆದಾಗ ಅವಳಿಗೆ ನಾಲ್ಕು ವರ್ಷ. ಹೃದಯದೊಳಗೆ ಹುಟ್ಟಿನಿಂದಲೇ ಒಂದು ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ತೂತಿಗೆ ತೇಪೆ ಹಾಕಿದರು, ದಾರಿಯನ್ನು ಕತ್ತರಿಸಿ ಅಗಲ ಮಾಡಿದರು. ಮಾಲ್‌ಸುನ್‌ಳನ್ನು ಒಳಗೆ ಬಿಟ್ಟಾಗ ಅವಳು ಮಗಳ ಮುಖ ನೋಡಲಿಲ್ಲ. ಹೊದಿಕೆ ಸರಿಸಿ ಕಾಲಿನ ಉಗುರು ನೋಡಿದಳು. ಗುಲಾಬಿ ಬಣ್ಣ ಬಂದಿತ್ತು. ಅಲ್ಲೇ ನೆಲಕ್ಕೆ ಕೂತು ಅತ್ತಳು.

ಡಾಕ್ಟರು ಎರಡು ಮಾತು ಹೇಳಿದರು. "ಆಪರೇಷನ್ ಚೆನ್ನಾಗಿ ಆಗಿದೆಯಮ್ಮ, ನಿಮ್ಮ ಮಗಳು ಓಡ್ತಾಳೆ, ಸ್ಕೂಲಿಗೆ ಹೋಗ್ತಾಳೆ. ಆದ್ರೆ ಹೊಲಿಗೆ ಹಾಕಿದ ಜಾಗ ಒಳಗೂ ಗಟ್ಟಿ ಆಗಿರುತ್ತೆ. ಮುಂದೆ ಎಷ್ಟೋ ವರ್ಷ ಆದ್ಮೇಲೆ ಎದೆಬಡಿತ ಅಲ್ಲಿ ದಾರಿ ತಪ್ಪಬಹುದು. ವರ್ಷಕ್ಕೊಂದ್ಸಲ ಕರ್ಕೊಂಡು ಬನ್ನಿ. ದೊಡ್ಡೋಳಾದ್ಮೇಲೂ."

ಮೊದಲ ಮಾತನ್ನು ಮಾಲ್‌ಸುನ್ ಎದೆಗೆ ಕಟ್ಟಿಕೊಂಡು ಬಂದಳು. ಎರಡನೆಯದು ಕೆಲವು ವರ್ಷ ನೆನಪಿನಲ್ಲಿತ್ತು.

ಗುಣವಾದ ಮಗಳನ್ನು ಕಪ್ಪೆ ಎಂದು ಕರೆದ ಓಣಿಯಲ್ಲಿ ಇಟ್ಟುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಗಂಡನನ್ನು ಕಾಡಿ ಬೇಡಿ ಗುಡ್ಡದ ಈಚೆ ಬದಿಗೆ ಮನೆ ಬದಲಿಸಿದಳು. ಇಲ್ಲಿ ಯಾರಿಗೂ ನೀಲಿ ಮಗು ಗೊತ್ತಿಲ್ಲ ಎಂದು ಅವಳ ಲೆಕ್ಕ. ಅತ್ತೆ ತೀರಿಕೊಂಡಳು, ಅವಳ ಫೋಟೋ ಗೋಡೆ ಏರಿತು. ಗಂಡನನ್ನು ಒಂದು ಚಳಿಗಾಲದ ಬಿರುಗಾಳಿ ಒಯ್ದಿತು. ಮಾಲ್‌ಸುನ್ ಹಸಿರು ಒರಟು ಬಟ್ಟೆಯ ಕೈಗವಸು ತೊಟ್ಟು ಡೊಂಗ್‌ಬೆಕ್ ಬಚ್ಚಲಿನಲ್ಲಿ ಮೈ ಉಜ್ಜುವ ಕೆಲಸಕ್ಕೆ ಸೇರಿದಳು.

ಆ ಕೆಲಸವೇ ಅವಳ ತಲೆ ಕೆಡಿಸಿತು ಎನ್ನಬೇಕು. ನಮ್ಮ ಊರಿನವರ ಮರ್ಯಾದೆಗೆ ರಜೆ ಇರುವ ಜಾಗ ಬಚ್ಚಲು ಒಂದೇ. ಅಲ್ಲಿ ಎಲ್ಲರೂ ಬತ್ತಲೆ, ನಾಲಗೆಯೂ ಸಹ. ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತ ಹೆಂಗಸರು ಎದುರಿನ ಹುಡುಗಿಯರ ಸೊಂಟ ಅಳೆಯುತ್ತಾರೆ, ತೊಡೆ ತೂಗುತ್ತಾರೆ, ಯಾರ ಮಗನಿಗೆ ಯಾರು ಎಂದು ಜೋಡಿ ಹಾಕುತ್ತಾರೆ. ಸೊಸೆಯಾಗಿ ಬರುವವಳನ್ನು ಅತ್ತೆ ಸ್ನಾನಕ್ಕೆ ಕರೆತಂದು ಬೆನ್ನುಜ್ಜಿಸಿಕೊಳ್ಳುವುದೂ ಉಂಟು. ಅದು ಪ್ರೀತಿಗೋ ಪರೀಕ್ಷೆಗೋ ಎಂದು ಕೇಳಿದರೆ ಇಬ್ಬರೂ ನಗುತ್ತಾರೆ. ತೊಡೆಯ ಮೇಲೆ ಸುಟ್ಟ ಕಲೆಯಿದ್ದ ಒಬ್ಬ ಹುಡುಗಿಯ ಸಂಬಂಧ ಇದೇ ತೊಟ್ಟಿಯಲ್ಲಿ ಮುರಿದುಬಿದ್ದದ್ದನ್ನು ಮಾಲ್‌ಸುನ್ ಕಿವಿಯಾರೆ ಕೇಳಿದಳು. ಆ ಹುಡುಗಿಗೆ ಇದ್ದದ್ದು ಬರೀ ಚರ್ಮದ ಕಲೆ. ತನ್ನ ಮಗಳಿಗೆ ಕುತ್ತಿಗೆಯ ಗುಳಿಯಿಂದ ಕೆಳಗಿನವರೆಗೆ ಎದೆಯ ನಡುವೆ ಇಳಿದ ಗೆರೆ.

ಅಂದಿನಿಂದ ಇಡೀ ಊರಿನ ಬೆನ್ನುಜ್ಜುವವಳ ಮಗಳು ಬಚ್ಚಲಿನ ಹೊಸಿಲು ತುಳಿಯಲಿಲ್ಲ. ಹೊಸವರ್ಷಕ್ಕೆ ಮುಂಚೆ ಊರಿಗೆ ಊರೇ ಬಚ್ಚಲಿಗೆ ನುಗ್ಗುವಾಗ ಸೊರಾ ಮನೆಯ ಅಡುಗೆಕೋಣೆಯಲ್ಲಿ ಕೆಂಪು ರಬ್ಬರ್ ತೊಟ್ಟಿಯೊಳಗೆ ಮುದುಡಿ ಕೂತಿರುತ್ತಿದ್ದಳು.

"ಅಮ್ಮ, ಊರಿಗೆಲ್ಲ ಬಿಸಿನೀರಿನ ಕೆರೆ, ನನಗೆ ಮಾತ್ರ ಕಿಮ್ಚಿ ಹಾಕೋ ತೊಟ್ಟಿ," ಎನ್ನುತ್ತಿದ್ದಳು. "ನನ್ನೂ ಉಪ್ಪು ಖಾರ ಹಚ್ಚಿ ಮುಚ್ಚಿಟ್ಬಿಡು."

"ಬಾಯ್ ಮುಚ್ಕೊಂಡು ಬೆನ್ನು ಕೊಡು," ಎನ್ನುತ್ತಿದ್ದಳು ತಾಯಿ.

ವರ್ಷಕ್ಕೊಮ್ಮೆಯ ಸೋಲ್ ಪ್ರಯಾಣ ಸೊರಾಗೆ ಹದಿನಾಲ್ಕಾಗುವವರೆಗೆ ನಡೆಯಿತು. ಆ ವರ್ಷ ರೈಲಿನಲ್ಲಿ ಬಚ್ಚಲಿನ ಗಿರಾಕಿಯೊಬ್ಬಳು ಎದುರಿನ ಸೀಟಿಗೇ ಬಂದು ಕೂತಳು. "ಏನು ಸೊರಾ ಅಮ್ಮ, ಪ್ರತಿವರ್ಷ ಇದೇ ಹೊತ್ತಿಗೆ ಮಗಳ ಜೊತೆ ಸೋಲ್‌ಗೆ ಹೋಗ್ತೀರಂತೆ? ಅಲ್ಲಿ ಯಾರಿದ್ದಾರೆ?" ಎಂದಳು. ಮಾಲ್‌ಸುನ್ ಚಿಕ್ಕಮ್ಮನ ಮನೆ ಎಂದಳು. ಸೊರಾ ಕಿಟಕಿಯ ಕಡೆ ತಿರುಗಿದಳು. ಮರುವರ್ಷ ಅವರು ಹೋಗಲಿಲ್ಲ. ಹುಡುಗಿ ಓಡುತ್ತಿದ್ದಳು, ಹಗ್ಗದಾಟ ಆಡುತ್ತಿದ್ದಳು, ಕೆನ್ನೆ ಕೆಂಪಗಿತ್ತು. ವಾಸಿಯಾದ ಕಾಯಿಲೆಯ ಹೆಸರು ಮತ್ತೆ ಮತ್ತೆ ಎತ್ತಿದರೆ ಅದು ಕಿವಿ ನಿಮಿರಿಸಿ ಹಿಂದಿರುಗಿ ಬರುತ್ತದೆ ಎಂದು ನಂಬುವ ಜನ ನಾವು. ಮಾಲ್‌ಸುನ್ ಅದರ ಹೆಸರನ್ನೇ ಮನೆಯಿಂದ ಆಚೆ ಹಾಕಿದಳು.

ಸೊರಾ ಶಿಶುವಿಹಾರದ ಟೀಚರಾದಳು. ಇಪ್ಪತ್ತೆಂಟು ತುಂಬುವ ಹೊತ್ತಿಗೆ ಗಿಹ್ವಾನ್ ಎಂಬ ಹುಡುಗನನ್ನು ಮೆಚ್ಚಿದಳು. ಒಳ್ಳೆಯ ಹುಡುಗ, ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸ. ತಾಯಿಗೆ ಮಾರುಕಟ್ಟೆಯಲ್ಲಿ ಒಣಮೀನಿನ ಅಂಗಡಿ. ಆಕೆ ಮೊದಲ ಸಲ ಮಾಲ್‌ಸುನ್ ಮನೆಗೆ ಬಂದಾಗ ಗೋಡೆಯ ಮೇಲಿದ್ದ ಮುದುಕಿಯ ಫೋಟೋದ ಎದುರು ಬಹಳ ಹೊತ್ತು ನಿಂತಿದ್ದಳು. "ನಿಮ್ಮ ಅತ್ತೆಯವರಾ?" ಎಂದು ಕೇಳಿ ಸುಮ್ಮನಾದಳು. ಎರಡೂ ಮನೆಯವರು ಸೇರಿ ಊಟ ಮಾಡಿದ ದಿನ, ಆಕ್ಟೋಪಸ್ ಕತ್ತರಿಸಿ ಸೊರಾಳ ಅನ್ನದ ಮೇಲೆ ಇಡುತ್ತಾ, "ಮದುವೆಗೆ ಮುಂಚೆ ಒಂದಿನ ನಾವು ಮೂವರೂ ಸ್ನಾನಕ್ಕೆ ಹೋಗೋಣ ಬೀಗಿತ್ತಿಯೋರೆ. ನಾವು ನಾವೇ ಹೆಂಗಸ್ರು, ಏನು ಸಂಕೋಚ. ಈ ಹುಡುಗಿ ಬೆನ್ನು ನಾನು ಉಜ್ತೀನಿ," ಎಂದಳು.

ಇವಳಿಗೆ ಅನುಮಾನ ಬಂದಿದೆ, ಪರೀಕ್ಷೆಗೆ ಕರೆಯುತ್ತಿದ್ದಾಳೆ ಎಂದೇ ಮಾಲ್‌ಸುನ್ ಎಣಿಸಿದಳು. ತೊಟ್ಟಿಯಲ್ಲಿ ಮುರಿದುಬಿದ್ದ ಸಂಬಂಧ ಕಣ್ಣೆದುರು ಬಂತು. "ಮದುವೆ ಗಲಾಟೆ ಮುಗೀಲಿ ಬೀಗಿತ್ತಿಯೋರೆ, ಆಮೇಲೆ ನಿಧಾನವಾಗಿ ಹೋಗೋಣ," ಎಂದು ನಕ್ಕಳು.

"ನಿಮ್ಮಿಷ್ಟ," ಎಂದಳು ಗಿಹ್ವಾನ್ ತಾಯಿ. ಇನ್ನೇನೋ ಹೇಳಲು ಹೊರಟವಳು ಸಾರಿನ ಬಟ್ಟಲು ಎತ್ತಿಕೊಂಡಳು.

ಮದುವೆಗೆ ಎರಡು ವಾರವಿದ್ದಾಗ ಬಚ್ಚಲಿಗೆ ರಜೆಯಿದ್ದ ಮಂಗಳವಾರ ಮಾಲ್‌ಸುನ್ ಯಜಮಾನಿಯಿಂದ ಬೀಗದ ಕೈ ತಂದಳು. ಮದುಮಗಳು ಒಂದು ಸಲವಾದರೂ ಅಮ್ಮನ ಕೈಯಲ್ಲಿ ಸರಿಯಾಗಿ ಮೈ ಉಜ್ಜಿಸಿಕೊಂಡು ಹೋಗಲಿ ಎಂದು ಆಸೆ. ಖಾಲಿ ಬಚ್ಚಲು, ಮಧ್ಯಾಹ್ನದ ಬಿಸಿಲು ಮೇಲಿನ ಗಾಜಿನಿಂದ ಇಳಿದಿತ್ತು. ಸೊರಾ ದೊಡ್ಡ ತೊಟ್ಟಿಯಲ್ಲಿ ಮಗುವಿನ ಹಾಗೆ ಕಾಲು ಬಡಿದಳು. "ಅಮ್ಮ, ಇದಾ ನೀನು ಇಷ್ಟು ವರ್ಷ ನಂಗೆ ತೋರಿಸ್ದೇ ಇದ್ದಿದ್ದು? ಅನ್ಯಾಯ ಕಣಮ್ಮ," ಎಂದು ನಕ್ಕಳು.

ರೆಕ್ಸಿನ್ ಹೊದಿಸಿದ ಮಂಚದ ಮೇಲೆ ಬೋರಲು ಮಲಗಿಸಿ ಮಾಲ್‌ಸುನ್ ಉಜ್ಜತೊಡಗಿದಳು. ಕುತ್ತಿಗೆ, ಭುಜ, ತೋಳು. ಎಡಗೈಯನ್ನು ಬೆನ್ನಿನ ಮೇಲೆ ಊರಿ ಬಲಗೈಯಿಂದ ಉಜ್ಜುವುದು ಅವಳ ರೂಢಿ. ಊರಿದ ಎಡಗೈಯ ಕೆಳಗೆ ಮಗಳ ಎದೆ ಬಡಿಯುತ್ತಿತ್ತು. ಇದ್ದಕ್ಕಿದ್ದ ಹಾಗೆ ಒಂದು ಬಡಿತ ಬರಲಿಲ್ಲ. ಅವಳ ಕೈ ನಿಂತಿತು. ಆಮೇಲೆ ಬಡಿತಗಳು ಒಂದರ ಮೇಲೊಂದು ಬಿದ್ದು, ಬುಟ್ಟಿಯಿಂದ ಚೆಲ್ಲಿದ ಮೀನಿನ ಹಾಗೆ ಪಟಪಟ ಒದ್ದಾಡಿದವು. ಮತ್ತೆ ತಮ್ಮಷ್ಟಕ್ಕೆ ಸರಿಹೋದವು.

"ಇದೇನೇ ಇದು?"

ಸೊರಾ ಮುಖ ಎತ್ತಲಿಲ್ಲ. "ಒಂದೊಂದ್ಸಲ ಹಾಗಾಗುತ್ತಮ್ಮ. ತಾನೇ ಹೋಗುತ್ತೆ."

"ಎಷ್ಟು ದಿನದಿಂದ?"

"ಹೋದ ಶರತ್ಕಾಲದಿಂದ. ಒಂದಿನ ಮಕ್ಕಳ ಮುಂದೆ ಕಣ್ಣು ಕತ್ತಲೆ ಬಂತು. ಕೂತ್ಕೊಂಡೆ, ಸರಿಹೋಯ್ತು. ಅಮ್ಮ, ಸೋಲ್‌ಗೆ ಹೋಗಿ ತೋರಿಸ್ಕೊಂಡು ಬರೋಣ. ಗಿಹ್ವಾನ್‌ಗೂ ಹೇಳ್ಬಿಡ್ತೀನಿ. ಅವನು ಹಂಗೆಲ್ಲ ಬಿಟ್ಟು ಹೋಗೋನಲ್ಲ," ಎಂದಳು.

ಈಗ ಆ ಹೆಂಗಸಿನ ಮೇಲೆ ಸಿಟ್ಟು ಮಾಡುವುದು ಸುಲಭ. ಓಣಿಯಲ್ಲಿ ಕೂತು ಮಾಡಿದವರೂ ಇದ್ದಾರೆ. ಆದರೆ ಮಾಲ್‌ಸುನ್‌ಗೆ ಆ ಹೊತ್ತು ಕಂಡದ್ದು ಸಾವಲ್ಲ. ಸಾವನ್ನು ಅವಳು ಮಗಳ ಗುಲಾಬಿ ಉಗುರು ನೋಡಿದ ದಿನವೇ ಸೋಲ್‌ನಲ್ಲಿ ಬಿಟ್ಟು ಬಂದಿದ್ದಳು. ಕಂಡದ್ದು ಹಂಚಿ ಮುಗಿದ ಆಮಂತ್ರಣ, ಆಸ್ಪತ್ರೆಯ ಮಂಚ, ಮುಂದಕ್ಕೆ ಹೋದ ಮದುವೆ, ಮುಂದಕ್ಕೆ ಹೋಗಿ ಹೋಗಿ ಇಲ್ಲವಾದ ಮದುವೆ, ತೊಟ್ಟಿಯಲ್ಲಿ ಅದನ್ನು ಆಡಿಕೊಳ್ಳುವ ಬಾಯಿಗಳು.

"ಎರಡೇ ವಾರ ಕಣೇ," ಎಂದಳು. "ಇಷ್ಟು ವರ್ಷ ತಡೆದಿದೆ, ಎರಡು ವಾರ ತಡೆಯಲ್ವಾ? ಮದುವೆ ಒಂದು ಆಗ್ಲಿ. ಮಾರನೇ ದಿನವೇ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಯಾರಿಗೂ ಹೇಳ್ಬೇಡ. ನನ್ನ ಮೇಲೆ ಆಣೆ."

"ಆಯ್ತಮ್ಮ," ಎಂದಳು ಸೊರಾ. "ಬಲಗಡೆ ಇನ್ನೂ ಸ್ವಲ್ಪ ಉಜ್ಜು. ಚೆನ್ನಾಗಿದೆ." ಮಾಲ್‌ಸುನ್ ಬಲಗಡೆ ಉಜ್ಜಿದಳು. ಎಡಗೈಯನ್ನು ಮಾತ್ರ ಬೆನ್ನಿನಿಂದ ತೆಗೆದು ಮಂಚದ ಅಂಚಿಗೆ ಊರಿದಳು.

ಮುಂದಿನ ವಾರ ಸೊರಾ ಮದುವೆಯ ಹ್ಯಾನ್‌ಬೊಕ್ ಉಡುಪಿನ ಅಳತೆಗೆಂದು ಮಾರುಕಟ್ಟೆಗೆ ಹೋದಳು. ಹಬ್ಬ ಹತ್ತಿರವಾಗಿ ಜನ ಗಿಜಿಗುಟ್ಟುತ್ತಿದ್ದರು. ಒಣಮೀನಿನ ಸಾಲಿನ ನಡುವೆ ನಡೆಯುತ್ತಿದ್ದವಳು ನಿಂತಳು, ಮೆಲ್ಲನೆ ಕುಕ್ಕರುಗಾಲಲ್ಲಿ ಕೂತಳು, ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಪಕ್ಕದಲ್ಲಿ ಹೋಗುತ್ತಿದ್ದವರು ಷೂ ಲೇಸು ಕಟ್ಟಿಕೊಳ್ಳುತ್ತಿದ್ದಾಳೆ ಎಂದುಕೊಂಡು ಸುತ್ತಿ ಹಾಯ್ದರು. ಒಬ್ಬ ಕೈಗಾಡಿಯವನು ದಾರಿ ಬಿಡು ಎಂದು ಗದರಿದ. ನಾಲ್ಕು ಅಂಗಡಿಯಾಚೆ ಇದ್ದ ಗಿಹ್ವಾನ್ ತಾಯಿ ಒಬ್ಬಳೇ ಕೈಯಲ್ಲಿದ್ದ ಮೀನಿನ ಕಟ್ಟು ಎಸೆದು ಓಡಿದಳು. ವಯಸ್ಸಾದ ಆ ಹೆಂಗಸು ಹುಡುಗಿಯನ್ನು ಬೆನ್ನಿಗೆ ಹಾಕಿಕೊಂಡು ಜನರ ನಡುವೆ ನುಗ್ಗಿ ದೊಡ್ಡ ರಸ್ತೆ ಮುಟ್ಟಿದಳು, ಯಾವುದೋ ಟ್ಯಾಕ್ಸಿಗೆ ಅಡ್ಡ ನಿಂತಳು. ಆಸ್ಪತ್ರೆಯಲ್ಲಿ ಎದೆಗೆ ಕರೆಂಟು ಕೊಟ್ಟರು, ಮತ್ತೆ ಕೊಟ್ಟರು. ದಾರಿ ತಪ್ಪಿದ ಬಡಿತ ದಾರಿಗೆ ಬರಲಿಲ್ಲ.

ಮೊದಲೇ ಬಂದಿದ್ದರೆ ಒಳಗೆ ಒಂದು ಪುಟ್ಟ ಯಂತ್ರ ಕೂರಿಸಬಹುದಿತ್ತು, ಬಡಿತ ತಪ್ಪಿದಾಗ ಅದೇ ಸರಿಮಾಡುತ್ತಿತ್ತು ಎಂದ ಅಲ್ಲಿನ ಡಾಕ್ಟರ್. ಅವನೂ ಚಿಕ್ಕ ವಯಸ್ಸಿನವನು, ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಎಂಬಂತೆ ನೆಲ ನೋಡಿದ.

ಹೆಣ ತೊಳೆಯುವುದಕ್ಕೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆ ಕೆಲಸದವರೇ ಇರುತ್ತಾರೆ. ಮನೆಯವರು ಗಾಜಿನಾಚೆ ನಿಂತು ನೋಡುವುದು ವಾಡಿಕೆ. ಮಾಲ್‌ಸುನ್ ಬಾಗಿಲು ತಳ್ಳಿ ಒಳಗೆ ಹೋದಳು. "ಇದು ನನ್ನ ಕೆಲಸ," ಎಂದಳು. ಕೆಲಸದವರು ಅವಳ ಮುಖ ನೋಡಿ ಬಿಸಿನೀರು ಇಟ್ಟು ಹಿಂದೆ ಸರಿದರು. ಕೈಗವಸು ತೊಡಲಿಲ್ಲ. ಬರಿಗೈಯಿಂದ ಪಾದ ತೊಳೆದಳು, ಬೆರಳು ಬೆರಳಿನ ಸಂದಿ ತೊಳೆದಳು. ಉಗುರುಗಳು ಮತ್ತೆ ನೀಲಿಯಾಗಿದ್ದವು. ಬಟ್ಟೆ ಸರಿಸಿ ಎದೆಯವರೆಗೆ ಬಂದಾಗ ಹಿಂದೆ ಬಾಗಿಲಿನ ಸದ್ದಾಯಿತು. ಗಿಹ್ವಾನ್ ತಾಯಿ ಬಂದು ನಿಂತಿದ್ದಳು. ಮಾಲ್‌ಸುನ್‌ಳ ಕೈ ಅವಳನ್ನು ಕೇಳದೆಯೇ ಟವೆಲು ಎಳೆದು ಗೆರೆಯ ಮೇಲೆ ಮುಚ್ಚಿತು.

"ಮುಚ್ಚಬೇಡಿ ಬೀಗಿತ್ತಿಯೋರೆ," ಎಂದಳು ಆಕೆ. "ನಂಗೊತ್ತು."

ಮಾಲ್‌ಸುನ್ ತಿರುಗಿ ನೋಡಿದಳು.

"ಗುಡ್ಡದ ಆಚೆ ಬದಿ, ನೀಲಿ ಬಾಗಿಲಿನ ಮನೆ. ಈ ಹುಡುಗಿ ಮೂರು ವರ್ಷದವಳಿದ್ದಾಗ ನನ್ನ ಅಂಗಡಿ ಮುಂದೆ ಕುಕ್ಕರುಗಾಲಲ್ಲಿ ಕೂತ್ಕೊಂಡಿದ್ಲು. ಬೆನ್ನಿಗೆ ಹಾಕ್ಕೊಂಡು ನಾನೇ ತಂದು ನಿಮ್ಮ ಅತ್ತೆ ಕೈಗೆ ಕೊಟ್ಟಿದ್ದೆ. ದಾರಿ ಉದ್ದಕ್ಕೂ ನನ್ನ ಕಿವೀಲಿ ಕಪ್ಪೆ ಹಂಗೆ ವಟರ್ ಅಂತಿದ್ಲು. ನಿಮ್ಮ ಮನೆ ಗೋಡೆ ಮೇಲೆ ಆ ಫೋಟೋ ನೋಡಿದ ದಿನವೇ ತಿಳೀತು, ಅದೇ ಮಗು ಅಂತ. ಎಷ್ಟು ಸಂತೋಷ ಆಯ್ತು ಗೊತ್ತಾ? ಬದುಕಿದ್ಲಲ್ಲ ಅಂತ."

"ಗೊತ್ತಿತ್ತಾ?" ಎಂದಳು ಮಾಲ್‌ಸುನ್. "ಗೊತ್ತಿದ್ದೂ ಸೊಸೆ ಮಾಡ್ಕೋಳಕ್ಕೆ..."

"ಯಾಕೆ ಮಾಡ್ಕೋಬಾರ್ದು? ನೀವು ಹೇಳ್ಲಿಲ್ಲ, ಹೇಳೋಕೆ ಇಷ್ಟ ಇಲ್ವೇನೋ ಅಂತ ನಾನು ಕೇಳ್ಲಿಲ್ಲ. ಸ್ನಾನಕ್ಕೆ ಕರೆದೆ, ಅಲ್ಲಾದ್ರೂ ನೀವೇ ಹೇಳ್ತೀರಿ, ಮನಸ್ಸು ಹಗುರ ಆಗುತ್ತೆ ಅಂತ. ಡಾಕ್ಟರ ಹತ್ರ ಹೋಗ್ತಾನೇ ಇರ್ತಾಳೆ ಅಂದ್ಕೊಂಡಿದ್ದೆ. ಒಂದ್ ಮಾತು ಕೇಳಿದ್ರೆ ಏನ್ ಹೋಗ್ತಿತ್ತು ನನ್ನ ಗಂಟು? ಕೇಳ್ಬೇಕಿತ್ತು ನಾನು. ಕೇಳ್ಬೇಕಿತ್ತು."

ಮಾಲ್‌ಸುನ್ ಮಂಚದ ಅಂಚು ಹಿಡಿದು ನಿಂತಳು. ಅಳು ಬರಲಿಲ್ಲ, ಬಂದಿದ್ದರೆ ಎಷ್ಟೋ ವಾಸಿಯಿತ್ತು. ಇಷ್ಟು ವರ್ಷ ಯಾರಿಂದ ಮುಚ್ಚಿಟ್ಟಳೋ ಆ ಹೆಂಗಸು ಎಲ್ಲರಿಗಿಂತ ಮೊದಲು ಆ ಮಗುವಿನ ಎದೆಬಡಿತವನ್ನು ತನ್ನ ಬೆನ್ನಿನ ಮೇಲೆ ಹೊತ್ತು ನಡೆದವಳು. ಮುಚ್ಚಬೇಕಾದದ್ದು ಏನೂ ಇರಲೇ ಇಲ್ಲ.

ಗಿಹ್ವಾನ್ ತಾಯಿ ರವಿಕೆಯ ತೋಳು ಮೇಲಕ್ಕೆ ಮಡಚಿ, ಬಿಸಿನೀರಿನಲ್ಲಿ ಕೈ ಅದ್ದಿ ಮಂಚದ ಆಚೆ ಬದಿಗೆ ಬಂದಳು.

"ನೀವು ಸ್ವಲ್ಪ ಹಿಡ್ಕೊಂಡು ಪಕ್ಕಕ್ಕೆ ತಿರುಗಿಸಿ," ಎಂದಳು. "ಬೆನ್ನು ನಾನು ಉಜ್ತೀನಿ ಅಂತ ಹೇಳಿದ್ನಲ್ಲ."

ಮಾಲ್‌ಸುನ್ ಎದೆಯ ಮೇಲಿನ ಟವೆಲು ತೆಗೆದು ಬದಿಗಿಟ್ಟಳು. ಮಗಳ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.